ಅಪ್ಪನ ಪಟ್ಟಿಯ ಒಂದನೇ ಸಿನಿಮಾ

“ಒಂದನೇದು ಆ ದೋಣಿಯವನ ಸಿನಿಮಾ. ಕೊನೆಗೆ ಈಜಿಕೊಂಡು ಮನೆಗೆ ಬರ್ತಾನಲ್ಲ, ಅದು,” ಎಂದರು ಅಪ್ಪ. ಅವರ ಮೆಚ್ಚಿನ ಹತ್ತು ಸಿನಿಮಾಗಳ ಪಟ್ಟಿ ಬರೆಯುತ್ತಿದ್ದ ಮಗ ಪೆನ್ನು ನಿಲ್ಲಿಸಿ ನಕ್ಕ. “ಏನಪ್ಪಾ ನೀವು! ಅವನು ಮುಳುಗಿ ಸತ್ತೇ ಹೋಗ್ತಾನೆ. ಬರ್ತಾನೆ ಅಂತ ಯಾರು ಹೇಳಿದ್ದು?”

ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ಮಗಳ ಕೈ ಅಂಗಿಯ ಮೇಲೇ ನಿಂತುಬಿಟ್ಟಿತು. ಕಣ್ಣು ಕಾಣದ ಅಪ್ಪನ ಪಕ್ಕ ಕೂತು, ತೆರೆಯ ಮೇಲೆ ನಡೆಯುವುದನ್ನೆಲ್ಲ ಅವರ ಕಿವಿಯಲ್ಲಿ ಪಿಸುಗುಟ್ಟುವುದು ಹತ್ತು ವರ್ಷದಿಂದ ಅವಳದೇ ಕೆಲಸ. ಅಮ್ಮ ತೀರಿಕೊಂಡ ವರ್ಷ ಆ ಸಿನಿಮಾಕ್ಕೆ ಹೋದಾಗ, ಸಾವು ಅನ್ನುವ ಮಾತು ಬಾಯಿಗೆ ಬಾರದೆ, ದೋಣಿಯವನನ್ನು ಅವಳೇ ದಡ ಹತ್ತಿಸಿದ್ದಳು. ಇನ್ನು ತನ್ನ ಒಂದು ಮಾತನ್ನಾದರೂ ಅಪ್ಪ ನಂಬುತ್ತಾರೆಯೇ?

“ಅಪ್ಪಾ, ಅವತ್ತು ನಾನು...”

“ಮೊದಲು ಇಸ್ತ್ರಿ ಎತ್ತಮ್ಮ, ಬಟ್ಟೆ ಸೀದ ವಾಸನೆ ಬರ್ತಿದೆ,” ಎಂದರು ಅಪ್ಪ. “ಅವತ್ತು ಥಿಯೇಟರ್ ತುಂಬ ಜನ ಬಿಕ್ಕಿ ಬಿಕ್ಕಿ ಅಳ್ತಿದ್ರು. ಕಣ್ಣಿಲ್ಲದಿದ್ರೇನು, ಕಿವಿ ಇಲ್ವಾ ನಂಗೆ?” ಆಮೇಲೆ ಮಗನ ಕಡೆ ತಿರುಗಿದರು. “ನೀನು ನೋಡಿದ ಸಿನಿಮಾನ ನಿನ್ನ ಪಟ್ಟಿಗೆ ಹಾಕ್ಕೋ. ನನ್ನ ಸಿನಿಮಾದಲ್ಲಿ ಅವನು ಮನೆಗೆ ಬಂದ. ಬರಿ, ಒಂದನೇ ನಂಬರು.”