ಕೊಳ್ಳುವ ಮುಂಚೆ ಒಂದು ಸುತ್ತು

"ಬ್ರೇಕ್ ಮುಟ್ಟಬೇಡಿ!"

ಹಿಂದಿನ ಸೀಟಿನಿಂದ ಅಪ್ಪಣೆ ಬಂತು. ಜೊತೆಗೇ ಗಟ್ಟಿಯಾದ, ತಣ್ಣನೆಯ ಏನೋ ಒಂದು ಅವನ ಬೆನ್ನಿಗೆ ಒತ್ತಿತು.

ಅವನು ಬ್ರೇಕ್ ಮುಟ್ಟಲಿಲ್ಲ. ಹಳದಿ ದೀಪ ಕೆಂಪಾಗುವ ಹೊತ್ತಿಗೆ ಬೈಕ್ ಚೌಕ ದಾಟಿಯಾಗಿತ್ತು.

ಹಾಗೆ ನೋಡಿದರೆ ಅವನು ಯಾವುದಕ್ಕೂ ಅವಸರಪಟ್ಟವನಲ್ಲ. ಕಟ್ಟುಹಲ್ಲು ತಯಾರಿಸುವ ಕೆಲಸ. ಮೇಣದ ಅಚ್ಚಿನ ಮುಂದೆ ಉಸಿರು ಬಿಗಿಹಿಡಿದು ಕೂತು, ಕೂದಲೆಳೆಯಷ್ಟು ಉಬ್ಬು ಕಂಡರೂ ಉಜ್ಜಿ ಉಜ್ಜಿ ಸರಿಮಾಡುವ ಆಸಾಮಿ. ಇಂಥವನಿಗೆ ನಲವತ್ತು ದಾಟಿದ ಮೇಲೆ ಬೈಕಿನ ಹುಚ್ಚು ಹತ್ತಿತ್ತು. ಅದೂ ಎಂಥ ಬೈಕು! ಮೈಮೇಲೆ ಹೊದಿಕೆಯೇ ಇಲ್ಲದ, ಎಂಜಿನ್ನು ಕೊಳವೆಗಳನ್ನೆಲ್ಲ ಬಯಲಿಗಿಟ್ಟುಕೊಂಡ ನಾಲ್ಕು ಸಿಲಿಂಡರಿನ ನೇಕೆಡ್ ಬೈಕು. ಹೊಸದು ಕೈಗೆಟುಕುವಂತಿರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್.

"ಜೋಪಾನ ಕಣೋ," ಎಂದಿದ್ದಳು ಅಕ್ಕ, ಬೆಳಿಗ್ಗೆ. "ಅಂಥಾ ಗಾಡಿ ಮಾರೋರೆಲ್ಲ ಸಾಚಾ ಇರಲ್ಲ. ಕದ್ದ ಮಾಲು ತಲೆಗೆ ಕಟ್ತಾರೆ. ಇಲ್ಲಾಂದ್ರೆ ಎಲ್ಲಿಗೋ ಕರ್ಕೊಂಡು ಹೋಗಿ ಜೇಬು ಖಾಲಿ ಮಾಡಿ ಕಳಿಸ್ತಾರೆ."

ಅವನು ನಕ್ಕುಬಿಟ್ಟಿದ್ದ. ಫೋನಿನಲ್ಲಿ ಮಾತಾಡಿದ ಮಾಲೀಕ ಅಂಥವನಂತೆ ಕಂಡಿರಲಿಲ್ಲ. ಮಹಾ ಮಾತುಗಾರ. ಚೈನಿಗೆ ಯಾವ ಎಣ್ಣೆ, ಯಾವ ಗೇರಿನಲ್ಲಿ ಹುಮ್ಮಸ್ಸು, ತೊಡೆಗೆ ಎಲ್ಲಿ ಬಿಸಿ ತಾಗುತ್ತದೆ ಎಂದು ಕೇಳದೆಯೇ ಹೇಳಿದ್ದ. "ಬನ್ನಿ ಸರ್, ಗೇಟಿನ ಹತ್ರ ಸ್ಟಾರ್ಟ್ ಮಾಡಿ ಇಟ್ಟಿರ್ತೀನಿ. ಅದರ ದನಿ ಕೇಳಿದ್ಮೇಲೆ ನೀವು ಬಿಟ್ಟು ಹೋದ್ರೆ ಕೇಳಿ!"

ಹೇಳಿದ ಹಾಗೇ ಬೈಕು ಗೇಟಿನ ಮುಂದೆ ಗುರುಗುಡುತ್ತಿತ್ತು. ಸ್ವಲ್ಪ ಆಚೆಗೆ ಯಾವುದೋ ವ್ಯಾನು ಬಾನೆಟ್ ತೆರೆದು ನಿಂತಿತ್ತು. ಬೈಕಿನ ಪಕ್ಕದಲ್ಲಿ ಒಬ್ಬ ಗಡ್ಡದವನು, ಕತ್ತಿಗೆ ಚೀಲ ನೇತುಹಾಕಿಕೊಂಡು, ರಸ್ತೆಯ ಆ ಕಡೆ ಈ ಕಡೆ ನೋಡುತ್ತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ನಾನೇ ಫೋನ್ ಮಾಡಿದ್ದು. ಒಂದು ಸುತ್ತು ಹೋಗಿ ಬರೋಣ್ವಾ?"

ಗಡ್ಡದವನು ಬೈಕಿನಲ್ಲೇ ಇದ್ದ ಬೀಗದ ಕೈ ನೋಡಿದ. ಮನೆಯ ಕಡೆ ನೋಡಿದ. ಆಮೇಲೆ ಇವನ ಕೈಯಲ್ಲಿದ್ದ ಹೆಲ್ಮೆಟ್ ನೋಡಿದ.

"ನಿಮಗೆ ಇದನ್ನ ಓಡಿಸೋಕೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಇನ್ನೇನು ನೋಡ್ತಿದ್ದೀರಿ? ಹತ್ತಿ!"

ಗಡ್ಡದವನು ಹೆಲ್ಮೆಟ್ಟಿಲ್ಲದೆಯೇ ಹಿಂದೆ ಏರಿದ. ಮೊದಲ ತಿರುವಿನಲ್ಲೇ ಕಟ್ಟುಹಲ್ಲಿನವನಿಗೆ ಅನುಮಾನ ಶುರುವಾಯಿತು.

"ಎಲ್ಲಾದ್ರೂ ಬಿದ್ದಿದೆಯಾ ಗಾಡಿ?"

"ನನಗೇನು ಗೊತ್ತು!"

"ಎಷ್ಟನೇ ಮಾಲೀಕರು ನೀವು?"

"ಮುಂದೆ ನೋಡಿ ಓಡ್ಸಿ, ಮಾರಾಯ್ರೆ! ಎಡಕ್ಕೆ! ಎಡಕ್ಕೆ!"

ಫೋನಿನಲ್ಲಿ ಬಾಯಿಬಡುಕ, ಎದುರಿಗೆ ಬಂದರೆ ಬಾಯಿಗೆ ಬೀಗ. ಕದ್ದ ಮಾಲೇ ಸರಿ. ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗುತ್ತಿತ್ತು. ಅವನ ಒಳಜೇಬಿನಲ್ಲಿ ಮುಂಗಡದ ಹಣ ಬೆಚ್ಚಗೆ ಕೂತಿತ್ತು.

ಬೈಕು ಮಾತ್ರ ಯಾವುದನ್ನೂ ಲೆಕ್ಕಿಸಲಿಲ್ಲ. ಆಕ್ಸಿಲರೇಟರನ್ನು ಬೆರಳಷ್ಟು ತಿರುಗಿಸಿದರೆ ಸಾಕು, ರಸ್ತೆಯೇ ಹಿಂದಕ್ಕೆ ಓಡುತ್ತಿತ್ತು. ಗಾಳಿಗೆ ಅಡ್ಡವಾಗಿ ಗಾಜಿಲ್ಲ, ಏನಿಲ್ಲ. ಎದೆಗೇ ಬಂದು ಗುದ್ದುತ್ತಿತ್ತು. ಪ್ರಾಣಭಯದ ನಡುವೆಯೂ ಅವನೊಳಗೆ ಒಂದು ನಾಚಿಕೆಗೆಟ್ಟ ಖುಷಿ ತಲೆ ಎತ್ತಿತು. ಅದಕ್ಕೆ ಅವನು ತನ್ನನ್ನೇ ಬೈದುಕೊಂಡ.

ಹಿಂದಿನವನು ಏನೋ ಹೇಳುತ್ತಲೇ ಇದ್ದ. ಅರ್ಧಕ್ಕರ್ಧ ಗಾಳಿಯ ಪಾಲಾಗುತ್ತಿತ್ತು.

ಸೇತುವೆಯ ಬಳಿ ಪೊಲೀಸನೊಬ್ಬ ನಿಂತಿದ್ದ. ಇದೇ ಸಮಯ ಎಂದುಕೊಂಡು ಅವನು ವೇಗ ತಗ್ಗಿಸಿದ. ಆ ತಣ್ಣನೆಯ ವಸ್ತು ಮತ್ತೆ ಬೆನ್ನಿಗೆ ತಿವಿಯಿತು.

"ನಿಲ್ಲಿಸಿದ್ರೆ... ಜೀವ ಹೋಗುತ್ತೆ!"

ಗೇರು ಬದಲಾಯಿತು. ಪೊಲೀಸನ ಸೀಟಿ ಹಿಂದೆ ಉಳಿಯಿತು. ಇನ್ನು ಅಕ್ಕನ ಮುಖ ನೋಡುವುದು ಉಂಟೋ ಇಲ್ಲವೋ.

"ಬಲಕ್ಕೆ! ಆ ಓಣಿಗೆ!"

ಎರಡು ಎತ್ತರದ ಗೋಡೆಗಳ ನಡುವೆ, ನರಪಿಳ್ಳೆಯೂ ಇಲ್ಲದ ಓಣಿ. ಕೊನೆಯಲ್ಲಿ ಒಂದು ಕಬ್ಬಿಣದ ಬಾಗಿಲು. ಇಲ್ಲಿಯೇ ತನ್ನ ಕಥೆ ಮುಗಿಯುವುದು ಎಂದುಕೊಂಡು ಅವನು ಬ್ರೇಕ್ ಒತ್ತಿದ. ಕೇಳುವ ಮೊದಲೇ ಹಣ ಕೊಟ್ಟುಬಿಡೋಣವೆಂದು ಕೈ ಜೇಬಿಗೆ ಹೋಯಿತು.

ಬಾಗಿಲು ಧಡಾರನೆ ತೆರೆಯಿತು. ಹಸಿರು ಗೌನಿನ ನರ್ಸೊಬ್ಬಳು ಓಡಿಬಂದಳು.

"ರಕ್ತ ಬಂತಾ? ಆಪರೇಷನ್ ಅರ್ಧಕ್ಕೆ ನಿಂತಿದೆ!"

ಗಡ್ಡದವನು ಹಾರಿ ಇಳಿದು, ಚೀಲದಿಂದ ಐಸ್ ತುಂಬಿದ ಪೆಟ್ಟಿಗೆ ತೆಗೆದು ಅವಳ ಕೈಗಿತ್ತ. ಆಮೇಲೆ ಇವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಪುಣ್ಯಾತ್ಮ ನೀವು! ಒಂದು ತಾಯಿನ ಉಳಿಸಿದ್ರಿ," ಎಂದವನೇ ಅವಳ ಹಿಂದೆ ಒಳಗೆ ಓಡಿದ.

ಕಟ್ಟುಹಲ್ಲಿನವನು ಅಲ್ಲೇ ಗೋಡೆಗೊರಗಿದ. ಎಂಥ ಮನುಷ್ಯನನ್ನು ಏನೆಂದುಕೊಂಡುಬಿಟ್ಟೆ! ಮುಖಪರಿಚಯವೂ ಇಲ್ಲದವನ ಕೈಗೆ ಇಷ್ಟು ಬೆಲೆಯ ಗಾಡಿ ಬಿಟ್ಟು, ತಿರುಗಿಯೂ ನೋಡದೆ ಹೋದನಲ್ಲ. ಇಂಥವನ ಹತ್ತಿರ ಚೌಕಾಸಿ ಮಾಡಿದರೆ ನಾಲಿಗೆ ಬಿದ್ದುಹೋದೀತು. ಕೇಳಿದಷ್ಟು ಕೊಟ್ಟುಬಿಡುವುದೇ ಸರಿ ಎಂದು ನಿರ್ಧರಿಸಿದ. ಬಿಸಿಯಿನ್ನೂ ಆರದ ಟ್ಯಾಂಕನ್ನು ಸವರುತ್ತ, ಅವನು ಹೊರಬರುವುದನ್ನೇ ಕಾಯುತ್ತ ನಿಂತ.

ಫೋನ್ ರಿಂಗಾಯಿತು. ಬೈಕಿನ ಮಾಲೀಕನದೇ ನಂಬರು. ಒಳಗಿನಿಂದಲೇ ಮಾಡುತ್ತಿದ್ದಾನೆಂದು ಇವನು ನಗುತ್ತ ಎತ್ತಿಕೊಂಡ.

"ಸರ್, ಬರೋದು ಬೇಡ ಸರ್," ಆ ಮಾತುಗಾರನ ದನಿ ಅಳುತ್ತಿತ್ತು, "ಹೆಲ್ಮೆಟ್ ತರೋಣ ಅಂತ ಒಳಗೆ ಹೋಗಿ ಬರೋವಷ್ಟರಲ್ಲಿ ಯಾರೋ ಇಬ್ಬರು ಕಳ್ಳರು ನನ್ನ ಬೈಕ್ ಹಾರಿಸ್ಕೊಂಡು ಹೋಗ್ಬಿಟ್ರು!"