ಎರಡು ಮಾತಿನ ಕಾಗದ

“ಪ್ರೀತಿಯ ಅಣ್ಣನಿಗೆ” ಎಂದು ಬರೆದು ಗುಮಾಸ್ತ ಪೆನ್ನು ಕೆಳಗಿಟ್ಟ. ಗೋಡೆಯಾಚೆ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು ಅವನ ಕಿವಿಗೆ ಬಿದ್ದಿತ್ತು. ಸ್ಪ್ಯಾನರಿಗೆಂದು ಕೈ ಚಾಚಿದರೆ ರಿಪೇರಿ ಸಾಮಾನಿನ ಚೀಲವೇ ಇಲ್ಲ. ಹೆಂಡತಿ ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು.

ಏಣಿಯನ್ನು ಗೋಡೆಗೆ ಹೇಗೆ ಒರಗಿಸಬೇಕು ಎಂಬ ಘನ ವಿಷಯಕ್ಕೆ ಅಣ್ಣತಮ್ಮ ಮಾತು ಬಿಟ್ಟು ಐದು ವರ್ಷವಾಗಿತ್ತು. “ತಪ್ಪಾಯ್ತು, ಬಾ” ಎಂದು ಬರೆದರೆ ಮುಗಿಯಿತು. ಅಷ್ಟು ಬರೆಯುವುದನ್ನು ತಪ್ಪಿಸಿಕೊಳ್ಳಲು ಅವನು ಮನೆಯ ಒಂದೊಂದು ಮೊಳೆಯನ್ನೂ ಬಿಗಿ ಮಾಡಿದ್ದ. ಮನೆ ಮುಗಿದ ಮೇಲೆ ಬೀದಿಗೆ ಇಳಿದಿದ್ದ. ಈಗ ಆ ಬೀದಿಯಲ್ಲಿ ಕಿರುಗುಟ್ಟುವ ಬಾಗಿಲು ಹುಡುಕಿದರೂ ಸಿಗುತ್ತಿರಲಿಲ್ಲ.

ಎದುರುಮನೆಯ ದರ್ಜಿ ಗಾಬರಿಯಿಂದ ಒಳಗೆ ಇಣುಕಿದ. “ಏನಮ್ಮಾ, ಕಾಗದ ಬರೆದುಬಿಟ್ರಂತೆ?”

“ಬರೀತಿದಾರೆ.”

“ಇನ್ನೆರಡು ದಿನ ತಡೀಬಾರದೇ? ನನ್ನ ಅಂಗಡಿ ಶಟರ್ ಬಾಕಿ ಇದೆ.”

“ಅಣ್ಣತಮ್ಮ ಒಂದಾಗೋದು ಬೇಡ್ವಾ ನಿಮಗೆ?”

“ಅಯ್ಯೋ, ಯಾರು ಬೇಡ ಅಂದ್ರು? ಶಟರ್ ಆದ್ಮೇಲೆ ಧಾರಾಳವಾಗಿ ಆಗಲಿ.”

ಅವಳು ಅವನ ಮೂಗಿನ ಮುಂದೆಯೇ ಬಾಗಿಲು ಹಾಕಿದಳು. ಗುಮಾಸ್ತ ಆಗಲೇ ಅರ್ಧ ಎದ್ದಿದ್ದ. “ಶಟರಿಗೆ ಏನಾಗಿದೆಯಂತೆ?”

“ಶಟರಿಗೆ ಏನೂ ಆಗಿಲ್ಲ. ಕೂತ್ಕೊಂಡು ಬರೀರಿ.”

ಅವನು ಬೆವರುತ್ತಾ “ತ” ಎಂದು ಬರೆದ. ಅಷ್ಟರಲ್ಲಿ ಮತ್ತೆ ಬಾಗಿಲು ಬಡಿದ ಸದ್ದು. ದರ್ಜಿಯೇ ಇರಬೇಕೆಂದು ಸಿಡುಕುತ್ತಾ ಅವಳು ಬಾಗಿಲು ತೆಗೆದರೆ, ಹೊಸಿಲಾಚೆ ಗಂಡನ ಅಣ್ಣ. ಹೆಗಲಿಗೆ ಸಾಮಾನಿನ ಚೀಲ, ಉಗುರು ತುಂಬಾ ಸಿಮೆಂಟು.

“ಏನಮ್ಮಾ, ಮನೇಲಿ ರಿಪೇರಿ ಗಿಪೇರಿ ಏನಾದ್ರೂ ಇದ್ಯಾ?”

“ಭಾವ! ನೀವೆಲ್ಲಿ ಇಲ್ಲಿ?”

“ಒಂದು ಕಾಗದ ಬರೀಬೇಕಿತ್ತು,” ಎಂದು ಭಾವ ನೆಲ ನೋಡಿದರು. “ಬರೀಬೇಕು, ಬರೀಬೇಕು ಅಂತ ನಮ್ಮೂರಲ್ಲಿ ರಿಪೇರಿಗೆ ಏನೂ ಉಳೀಲಿಲ್ಲ. ಪಕ್ಕದೂರಿಗೆ ಹೋದೆ. ಅಲ್ಲೂ ಮುಗೀತು. ದಾರೀಲಿ ಒಂದು ಗೇಟು, ಒಂದು ಸೇತುವೆ ಕಂಬಿ ಅಂತ ಮಾಡ್ಕೊಂಡು ಇಲ್ಲೀವರೆಗೆ ಬಂದುಬಿಟ್ಟೆ.”

ಅಣ್ಣತಮ್ಮ ನಡುಮನೆಯಲ್ಲಿ ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಣ್ಣ ಕಿಟಕಿಯ ಚಿಲಕ ಎಳೆದು ನೋಡಿದರು, ಅದು ಬೆಣ್ಣೆಯಂತೆ ಸರಿಯಿತು. ಗೋಡೆ ತಟ್ಟಿದರು, ಗಟ್ಟಿಯಾಗಿತ್ತು. ಬಾಗಿಲನ್ನು ತೆರೆದು ಮುಚ್ಚಿದರು, ಸದ್ದೇ ಇಲ್ಲ.

“ಎಲ್ಲಾ ಸರಿಯಾಗೇ ಇದೆ,” ಎಂದು ಅವರು ಬಾಗಿಲಿಗೆ ಹೇಳಿದರು. “ಹೂಂ,” ಎಂದು ತಮ್ಮ ಗೋಡೆಗೆ ಹೇಳಿದ.

“ಹಾಗಾದ್ರೆ ಬರ್ತೀನಮ್ಮ.”

ಅಣ್ಣ ಚೀಲ ಎತ್ತಿಕೊಳ್ಳಲು ಬಗ್ಗಿದರು. ಅವಳು ಅದರೊಳಗೆ ಕೈ ಹಾಕಿ ಸುತ್ತಿಗೆ ಎಳೆದುಕೊಂಡಳು. ಊಟದ ಕುರ್ಚಿಯೊಂದನ್ನು ಬೋರಲು ಹಾಕಿ, ಎರಡೇ ಏಟಿಗೆ ಅದರ ಒಂದು ಕಾಲು ಮುರಿದಳು.

“ಒಬ್ಬರು ಹಿಡ್ಕೊಳ್ಳಿ, ಒಬ್ಬರು ಮೊಳೆ ಹೊಡೀರಿ,” ಎಂದು ಸುತ್ತಿಗೆಯನ್ನು ಇಬ್ಬರ ನಡುವೆ ಇಟ್ಟಳು. “ಅವಸರ ಏನಿಲ್ಲ. ಇನ್ನೂ ಮೂರು ಕಾಲಿದೆ.”