ತಂಗಿಯ ಹಲ್ಲಿನ ಚೀಟಿ

ತಂಗಿ ಸುಮಳ ಹಲ್ಲಿನ ಚೀಟಿಯನ್ನು ನಾನು ಅಮ್ಮನ ಕೈಗೆ ಕೊಡಲಿಲ್ಲ. ಈಗಲೂ ಲವಂಗದೆಣ್ಣೆಯ ವಾಸನೆ ಬಂದರೆ ಆ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ.

ದೊಡ್ಡಬೆಳವಂಗಲದ ಹತ್ತಿರದ ನಮ್ಮೂರ ಶಾಲೆಗೆ ಹಲ್ಲಿನ ಡಾಕ್ಟರುಗಳು ಬಂದಿದ್ದರು. ಪೇಸ್ಟಿನಲ್ಲಿ ಉಜ್ಜುವವರದು ಒಂದು ಸಾಲು, ಇದ್ದಿಲಲ್ಲಿ ಉಜ್ಜುವವರದು ಇನ್ನೊಂದು. ಒಂದೇ ಮನೆಯವರಾದ ನಾವಿಬ್ಬರೂ ಬೇರೆ ಬೇರೆ ಸಾಲಿನಲ್ಲಿ ನಿಂತೆವು. ಇದ್ದಿಲು ಬೇಡವೆಂದು ಸುಮ ಅತ್ತಿದ್ದಕ್ಕೆ ಅಪ್ಪ ಅವಳೊಬ್ಬಳಿಗೇ ಪೇಸ್ಟು ತಂದಿದ್ದರು. ಅವಳು ಅದನ್ನು ಉಜ್ಜಿದ್ದಕ್ಕಿಂತ ತಿಂದದ್ದೇ ಹೆಚ್ಚು.

ಡಾಕ್ಟರಮ್ಮ ನನ್ನ ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು, "ಹುಳುಕು ಒಂದೂ ಇಲ್ಲ, ಹೋಗಮ್ಮ" ಅಂದರು. ಸುಮಳನ್ನು ಮಾತ್ರ ಬಿಡಲೇ ಇಲ್ಲ. ಗಲ್ಲ ಹಿಡಿದು ಒಂದೊಂದೇ ಹಲ್ಲು ಎಣಿಸಿದರು, ಇನ್ನಿಬ್ಬರನ್ನು ಕರೆದು ತೋರಿಸಿದರು, ಚಿನ್ನಾ ಅಂದರು, ಕೆಂಪು ಬ್ರಷ್ಷು ಕೊಟ್ಟರು. ಹುಳುಕಿಲ್ಲದ ನನಗೆ ಏನೂ ಸಿಗಲಿಲ್ಲ. ಆಮೇಲೆ ಚೀಟಿಯೊಂದನ್ನು ನನ್ನ ಕೈಗಿಟ್ಟು, "ಇದು ದವಡೆ ಹಲ್ಲು, ಹೋದ್ರೆ ಮತ್ತೆ ಹುಟ್ಟಲ್ಲ. ಬೇಗ ತುಂಬಿಸ್ಬೇಕು, ಅಮ್ಮಂಗೆ ಕೊಡು" ಅಂದರು.

"ನಂಗೆ ಬ್ರಷ್ಷು, ನಿಂಗಿಲ್ಲ ಕಣಕ್ಕ" ಅಂತ ಸುಮ ದಾರಿಯುದ್ದಕ್ಕೂ ಕುಣಿದಳು. ಮನೆ ಸೇರಿದವಳೇ ಚೀಟಿಯನ್ನು ಬಚ್ಚಲ ಒಲೆಗೆ ಹಾಕಿದೆ.

"ಡಾಕ್ಟ್ರು ಏನಂದ್ರೇ?" ಅಮ್ಮ ಕೇಳಿದಳು.

"ನನ್ನ ಹಲ್ಲು ಚೆನ್ನಾಗಿದೆಯಂತೆ" ಅಂದೆ.

ಕೆಲವು ತಿಂಗಳಲ್ಲಿ ಸುಮಳ ಕೆನ್ನೆ ಊದಿತು. ಅಮ್ಮ ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ಇಟ್ಟಳು, "ಮೊದ್ಲೇ ಗೊತ್ತಾಗಿದ್ದಿದ್ರೆ" ಎಂದು ಮರುಗಿದಳು. ಹತ್ತಿಯ ಬಟ್ಟಲು ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಕೊನೆಗೆ ಹಲ್ಲು ಕೀಳಿಸಬೇಕಾಯಿತು.

ಹೋದ ವಾರ ಸುಮ ಮನೆಗೆ ಬಂದಿದ್ದಳು. ಚಕ್ಕುಲಿಯನ್ನು ಇವತ್ತಿಗೂ ಒಂದೇ ಕಡೆ ಅಗಿಯುತ್ತಾಳೆ. ನೋಡುತ್ತಾ ಕೂತವಳು ಕೊನೆಗೂ ಬಾಯಿಬಿಟ್ಟೆ.

"ಸುಮಾ, ನಿನ್ನ ಹಲ್ಲಿನ ಚೀಟಿ ಅಮ್ಮಂಗೆ ಕೊಡ್ಲೇ ಇಲ್ಲ, ಒಲೆಗೆ ಹಾಕ್ಬಿಟ್ಟೆ. ಹೊಟ್ಟೆಕಿಚ್ಚಿಗೆ. ತಪ್ಪಾಯ್ತು ಕಣೇ."